ಒಂದೇ ರೀಸ್ಲಿಂಗ್ ದ್ರಾಕ್ಷಿ, ಒಂದು ಬಾಟಲಿ ಸಿಹಿ, ಇನ್ನೊಂದು ಡ್ರೈ: ಕೊಳ್ಳುವ ಮೊದಲೇ ತಿಳಿಯುವುದು ಹೇಗೆ?

ಮೈನ್‌ತೀರ

ಎಲ್ಲರಿಗೂ ನಮಸ್ಕಾರ. ನಾನು ಇರುವುದು ಫ್ರಾಂಕ್‌ಫರ್ಟ್‌ನಲ್ಲಿ. ರೈನ್‌ಗೌ ಪ್ರದೇಶದ ದ್ರಾಕ್ಷಿ ತೋಟಗಳು ಇಲ್ಲಿಂದ ರೈಲಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ಹಾಗಾಗಿ ನಮ್ಮ ಮನೆಗೆ ಬರುವ ವೈನ್ ಹೆಚ್ಚಾಗಿ ರೀಸ್ಲಿಂಗ್. ಇತ್ತೀಚೆಗೆ ಎರಡು ಬಾಟಲಿ ತಂದೆವು. ಎರಡರ ಮೇಲೂ ‘ಶ್ಪೇಟ್‌ಲೇಸೆ’ ಎಂದು ಬರೆದಿತ್ತು. ಒಂದು ಗಂಟಲಿಗೆ ಅಂಟುವಷ್ಟು ಸಿಹಿ, ಇನ್ನೊಂದರಲ್ಲಿ ಸಿಹಿಯ ಸುಳಿವೇ ಇಲ್ಲ. ಅಂಗಡಿಯವರನ್ನು ಕೇಳಿದರೆ ‘ಎರಡೂ ಸರಿಯಾಗಿಯೇ ಇವೆ’ ಎಂದರು.

ನನಗೆ ತಿಳಿಯಬೇಕಾದದ್ದು ಎರಡು. ಶ್ಪೇಟ್‌ಲೇಸೆ ಎಂದರೆ ಸಿಹಿ ವೈನ್ ಎಂದು ಅರ್ಥವೇ ಅಥವಾ ಅಲ್ಲವೇ? ಮತ್ತೆ, ಕೆಲವು ಕೆಂಪು ವೈನ್ ಕುಡಿದಾಗ ನಾಲಿಗೆ, ಒಸಡು ಎಲ್ಲ ಒಣಗಿದಂತಾಗುತ್ತದಲ್ಲ, ಡ್ರೈ ವೈನ್ ಎನ್ನುವುದು ಅದನ್ನೇ ಏನು?

ಸ್ಲೇಟ್‌ಬೆಟ್ಟ

ಮೈನ್‌ತೀರ ಅವರೇ, ನಾನು ಮೋಸೆಲ್ ಕಣಿವೆಯಲ್ಲಿ ವೈನ್ ತಯಾರಿಸುವವರ ಬಳಿ ಕೆಲಸ ಮಾಡುತ್ತೇನೆ. ನಿಮ್ಮ ಪ್ರಶ್ನೆಯನ್ನು ಜರ್ಮನರೂ ನಮ್ಮಲ್ಲಿ ಬಂದು ಕೇಳುತ್ತಾರೆ. ಗೊಂದಲ ಇರುವುದು ಲೇಬಲ್‌ನಲ್ಲಿ. ಎರಡು ಬೇರೆ ಬೇರೆ ವಿಷಯಗಳನ್ನು ಅದು ಅಕ್ಕಪಕ್ಕದಲ್ಲಿ ಬರೆಯುತ್ತದೆ.

ಕಬಿನೆಟ್, ಶ್ಪೇಟ್‌ಲೇಸೆ, ಔಸ್‌ಲೇಸೆ ಎಂಬ ದರ್ಜೆಗಳು ಹೇಳುವುದು ಕೊಯ್ಲಿನ ದಿನ ದ್ರಾಕ್ಷಿ ಎಷ್ಟು ಮಾಗಿತ್ತು ಎಂಬುದನ್ನು, ಅಂದರೆ ಹಿಂಡಿದ ರಸದಲ್ಲಿ ಎಷ್ಟು ಸಕ್ಕರೆ ಇತ್ತು ಎಂಬುದನ್ನು. ಆ ಸಕ್ಕರೆಯಲ್ಲಿ ಎಷ್ಟು ಬಾಟಲಿಗೆ ಬಂದಿದೆ ಎಂಬುದನ್ನು ಅವು ಹೇಳುವುದಿಲ್ಲ. ಅಳತೆಯ ಹೆಸರು ಓಕ್ಸ್‌ಲೆ. ಒಂದು ಲೀಟರ್ ರಸ ಒಂದು ಲೀಟರ್ ನೀರಿಗಿಂತ ಎಷ್ಟು ಗ್ರಾಂ ಹೆಚ್ಚು ತೂಗುತ್ತದೆಯೋ ಅಷ್ಟು ಡಿಗ್ರಿ. ಪ್ಫೋರ್ಟ್ಸ್‌ಹೈಮ್ ಊರಿನ ಫರ್ಡಿನಾಂಡ್ ಓಕ್ಸ್‌ಲೆ ಎಂಬ ಕುಶಲಕರ್ಮಿಯಿಂದ 19ನೆಯ ಶತಮಾನದಲ್ಲಿ ಬಂದ ಅಳತೆ ಇದು. 1971ರ ಜರ್ಮನ್ ವೈನ್ ಕಾನೂನು ದರ್ಜೆಗಳನ್ನು ಇದಕ್ಕೇ ಕಟ್ಟಿಹಾಕಿತು.

ರಸಕ್ಕೆ ಯೀಸ್ಟ್ ಸೇರಿ ಹುದುಗತೊಡಗಿದ ಮೇಲೆ ಸಕ್ಕರೆ ಆಲ್ಕೋಹಾಲ್ ಆಗುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆಯನ್ನು ಯೀಸ್ಟ್ ತಿಂದರೆ ಶೇಕಡಾ 1ರಷ್ಟು ಆಲ್ಕೋಹಾಲ್ ಹುಟ್ಟುತ್ತದೆ. ಯೀಸ್ಟ್ ಎಲ್ಲವನ್ನೂ ತಿಂದು ಮುಗಿಸಿದರೆ ಡ್ರೈ ವೈನ್. ತಯಾರಕರು ಮಧ್ಯದಲ್ಲೇ ತಣ್ಣಗೆ ಮಾಡಿ, ಗಂಧಕ ಹಾಕಿ, ಸೋಸಿ ಯೀಸ್ಟ್‌ನ ಕೆಲಸ ನಿಲ್ಲಿಸಿದರೆ ಉಳಿದ ಸಕ್ಕರೆ ಬಾಟಲಿಯಲ್ಲೇ ಇರುತ್ತದೆ. ನಿಮ್ಮ ಎರಡು ಬಾಟಲಿಗಳ ದ್ರಾಕ್ಷಿ ಹೆಚ್ಚುಕಡಿಮೆ ಒಂದೇ ಹದದಲ್ಲಿ ಮಾಗಿರಬಹುದು. ಒಂದನ್ನು ಪೂರ್ತಿ ಹುದುಗಲು ಬಿಟ್ಟಿದ್ದಾರೆ, ಇನ್ನೊಂದನ್ನು ನಡುವೆ ತಡೆದಿದ್ದಾರೆ.

ಡ್ರೈ ಬಾಟಲಿಯ ಲೇಬಲ್ ಇನ್ನೊಮ್ಮೆ ನೋಡಿ, ಶ್ಪೇಟ್‌ಲೇಸೆ ಪಕ್ಕದಲ್ಲಿ ‘ಟ್ರೋಕನ್’, ಅಂದರೆ ಡ್ರೈ, ಎಂಬ ಪದ ಇರಬೇಕು. ಅದಿಲ್ಲದಿದ್ದರೆ ಆಲ್ಕೋಹಾಲ್ ಪ್ರಮಾಣ ನೋಡಿ. ನಾನು ಅಂಗಡಿಯಲ್ಲಿ ಮೊದಲು ನೋಡುವುದೇ ಅದನ್ನು. 80 ಓಕ್ಸ್‌ಲೆ ರಸ ಪೂರ್ತಿ ಹುದುಗಿದರೆ ಶೇಕಡಾ ಹತ್ತೂವರೆಯ ಆಸುಪಾಸು ಆಲ್ಕೋಹಾಲ್ ಬರಬೇಕು. ಲೇಬಲ್‌ನಲ್ಲಿ ಶೇಕಡಾ 8 ಎಂದಿದ್ದರೆ ಉಳಿದ ಎರಡೂವರೆಯ ಸಕ್ಕರೆ ಎಲ್ಲಿಗೂ ಹೋಗಿಲ್ಲ: ಲೀಟರಿಗೆ 40 ಗ್ರಾಂಗಿಂತ ಹೆಚ್ಚು ಸಕ್ಕರೆ ನಿಮ್ಮ ಲೋಟಕ್ಕೇ ಬರುತ್ತದೆ. ಶೇಕಡಾ 12 ಅಥವಾ 13 ಎಂದಿರುವ ರೀಸ್ಲಿಂಗ್ ಬಹುತೇಕ ಡ್ರೈ.

ಒಗರುಬಾಯಿ

ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಬಾಯಿ ಒಣಗಿಸುವುದು ಟ್ಯಾನಿನ್. ದ್ರಾಕ್ಷಿಯ ಸಿಪ್ಪೆ, ಬೀಜ ಮತ್ತು ಕೆಲವೊಮ್ಮೆ ಓಕ್ ಮರದ ಪೀಪಾಯಿಯಿಂದ ಬರುವ ಈ ಅಂಶ ಜೊಲ್ಲಿನಲ್ಲಿರುವ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ಜೊಲ್ಲಿನ ಜಾರುಗುಣ ಹೋಗಿ ಬಾಯೆಲ್ಲ ಒಗರಾಗುತ್ತದೆ. ಸಕ್ಕರೆಗೂ ಇದಕ್ಕೂ ಸಂಬಂಧವಿಲ್ಲ. ಪೋರ್ಚುಗಲ್‌ನ ಎಳೆಯ ಪೋರ್ಟ್ ವೈನ್‌ನಲ್ಲಿ ಲೀಟರಿಗೆ ಸುಮಾರು 100 ಗ್ರಾಂ ಸಕ್ಕರೆ ಇರುತ್ತದೆ, ಒಗರೂ ಗಟ್ಟಿಯಾಗಿಯೇ ಇರುತ್ತದೆ. ರೀಸ್ಲಿಂಗ್ ಬಿಳಿ ವೈನ್, ಅದರ ರಸವನ್ನು ಸಿಪ್ಪೆಯಿಂದ ಬೇಗ ಬೇರ್ಪಡಿಸುತ್ತಾರೆ. ಆದ್ದರಿಂದ ಅದು ಎಷ್ಟೇ ಡ್ರೈ ಆಗಿದ್ದರೂ ಒಗರು ಕಡಿಮೆ.

ಇದರ ವಿರುದ್ಧ ದಿಕ್ಕಿನ ಭ್ರಮೆಯೂ ಇದೆ. ಮಾಗಿದ ಹಣ್ಣಿನ ಪರಿಮಳ, ಪೀಪಾಯಿಯಿಂದ ಬರುವ ವೆನಿಲ್ಲಾ ವಾಸನೆ ಮೂಗಿಗೆ ಬಡಿದರೆ ಒಂದು ಚೂರೂ ಸಕ್ಕರೆಯಿಲ್ಲದ ವೈನ್ ಕೂಡ ಸಿಹಿ ಎನಿಸುತ್ತದೆ. ಹೆಚ್ಚು ಆಲ್ಕೋಹಾಲ್ ಇದ್ದರೂ ಸ್ವಲ್ಪ ಸಿಹಿಯಂತೆ ತೋರುತ್ತದೆ. ಅನುಮಾನ ಬಂದಾಗ ಮೂಗು ಹಿಡಿದುಕೊಂಡು ಒಂದು ಗುಟುಕು ಕುಡಿಯಿರಿ. ವಾಸನೆ ಹೋದ ಮೇಲೂ ನಾಲಿಗೆಗೆ ಸಿಹಿ ತಾಗಿದರೆ ಅದು ನಿಜವಾದ ಸಕ್ಕರೆ.

ಮೈನ್‌ತೀರ

ಬಹಳ ಉಪಕಾರವಾಯಿತು. ಈಗಷ್ಟೇ ಬಾಟಲಿ ತೆಗೆದು ನೋಡಿದೆ. ಸಿಹಿಯಾದದ್ದರಲ್ಲಿ ಶೇಕಡಾ 8, ಟ್ರೋಕನ್ ಎಂದಿರುವುದರಲ್ಲಿ ಶೇಕಡಾ 12.5. ಆದರೆ ಇನ್ನೊಂದು ಸಂದೇಹ ಹುಟ್ಟಿತು. ತಯಾರಕರ ಜಾಲತಾಣದಲ್ಲಿ ಈ ಟ್ರೋಕನ್ ವೈನ್‌ಗೆ ಲೀಟರಿಗೆ 7 ಗ್ರಾಂ ಸಕ್ಕರೆ ಎಂದಿದೆ. ಯೀಸ್ಟ್ ಪೂರ್ತಿ ತಿಂದಿದ್ದರೆ 7 ಗ್ರಾಂ ಹೇಗೆ ಉಳಿಯಿತು? ಉಳಿದಿದ್ದರೂ ನನ್ನ ನಾಲಿಗೆಗೆ ಯಾಕೆ ಸಿಗಲಿಲ್ಲ?

ಸ್ಲೇಟ್‌ಬೆಟ್ಟ

ನಾನು ಎಲ್ಲರಿಗೂ ಹೇಳಬೇಕೆಂದುಕೊಂಡಿದ್ದ ಮಾತಿಗೆ ನೀವೇ ದಾರಿ ಮಾಡಿಕೊಟ್ಟಿರಿ. ಸಕ್ಕರೆಯ ಸಂಖ್ಯೆಯೊಂದನ್ನೇ ನೋಡಿ ವೈನ್‌ನ ಸಿಹಿಯನ್ನು ಊಹಿಸಲು ಬರುವುದಿಲ್ಲ. ಅದರ ಪಕ್ಕದಲ್ಲಿ ಹುಳಿಯ ಸಂಖ್ಯೆಯನ್ನೂ ಇಟ್ಟು ಓದಬೇಕು.

ಮನೆಯಲ್ಲೇ ಮಾಡಿ ನೋಡಿ. ಎರಡು ಲೋಟ ನೀರಿಗೆ ಒಂದೇ ಅಳತೆಯ ಸಕ್ಕರೆ ಕದಡಿ. ಒಂದಕ್ಕೆ ಅರ್ಧ ನಿಂಬೆಹಣ್ಣು ಹಿಂಡಿ. ಬರೀ ಸಕ್ಕರೆ ನೀರು ಕುಡಿಯಲು ಮುಖ ತಿರುಗಿಸುವವರು ಪಾನಕಕ್ಕೆ ‘ಇನ್ನೊಂದು ಚಮಚ ಸಕ್ಕರೆ ಬೇಕಿತ್ತು’ ಎನ್ನುತ್ತಾರೆ. ರೀಸ್ಲಿಂಗ್ ಸ್ವಭಾವತಃ ಹುಳಿಯ ದ್ರಾಕ್ಷಿ. ಮೋಸೆಲ್‌ನಂತಹ ತಂಪು ಕಣಿವೆಯಲ್ಲಿ ಲೀಟರಿಗೆ 7, 8, ಒಮ್ಮೊಮ್ಮೆ ಅದಕ್ಕೂ ಹೆಚ್ಚು ಗ್ರಾಂ ಹುಳಿ ಉಳಿದಿರುತ್ತದೆ. ಯೀಸ್ಟ್ ಪೂರ್ತಿ ತಿನ್ನುವ ಮೊದಲೇ ನಿಂತದ್ದರಿಂದ ಉಳಿದ ನಿಮ್ಮ 7 ಗ್ರಾಂ ಸಕ್ಕರೆ ಆ ಹುಳಿಯ ಕೆಳಗೆ ಮುಚ್ಚಿಹೋಗಿದೆ.

ಯುರೋಪಿನ ಕಾನೂನು ಇದನ್ನು ಒಪ್ಪಿಕೊಂಡಿದೆ. ಲೀಟರಿಗೆ 4 ಗ್ರಾಂ ತನಕ ಸಕ್ಕರೆ ಇದ್ದರೆ ಯಾವ ಷರತ್ತೂ ಇಲ್ಲದೆ ಡ್ರೈ. 9 ಗ್ರಾಂ ತನಕ ಇದ್ದರೂ ಡ್ರೈ ಎನ್ನಬಹುದು, ಆದರೆ ಸಕ್ಕರೆಯು ಹುಳಿಯನ್ನು 2 ಗ್ರಾಂಗಿಂತ ಹೆಚ್ಚು ಮೀರಿರಬಾರದು. 9 ಗ್ರಾಂ ಸಕ್ಕರೆಗೆ ಕನಿಷ್ಠ 7 ಗ್ರಾಂ ಹುಳಿ ಬೇಕು. ಅರೆ ಡ್ರೈ ಎನ್ನಬಹುದಾದ ‘ಹಾಲ್ಬ್‌ಟ್ರೋಕನ್’ಗೆ ಮಿತಿ 12 ಗ್ರಾಂ, ಹುಳಿ ಸಾಕಷ್ಟಿದ್ದರೆ 18 ಗ್ರಾಂ. ಅದರ ಆಚೆ 45 ಗ್ರಾಂ ತನಕ ‘ಲೀಬ್ಲಿಶ್’, ಅಂದರೆ ಅರೆ ಸಿಹಿ, 45 ದಾಟಿದರೆ ಸಿಹಿ. ‘ಫೈನ್‌ಹೆರ್ಬ್’ ಎಂಬ ಪದವನ್ನೂ ನೀವು ನೋಡಿರುತ್ತೀರಿ. ಅದಕ್ಕೆ ಕಾನೂನಿನಲ್ಲಿ ಗ್ರಾಂ ಲೆಕ್ಕವಿಲ್ಲ. ಹಾಲ್ಬ್‌ಟ್ರೋಕನ್ ಆಸುಪಾಸು, ಹಲವು ಸಲ ಅದಕ್ಕಿಂತ ತುಸು ಸಿಹಿ ಇರುತ್ತದೆ. ನನಗೆ ಊಟದ ಜೊತೆ ಬಹಳ ಇಷ್ಟವಾದದ್ದು ಇದೇ.

ಕೆಲವು ರೀಸ್ಲಿಂಗ್ ಬಾಟಲಿಗಳ ಹಿಂಬದಿಯಲ್ಲಿ ಡ್ರೈನಿಂದ ಸಿಹಿಯವರೆಗಿನ ಒಂದು ಪಟ್ಟಿ, ಅದರಲ್ಲಿ ಒಂದು ಬಾಣದ ಗುರುತು ಇರುತ್ತದೆ. ಅಂತರರಾಷ್ಟ್ರೀಯ ರೀಸ್ಲಿಂಗ್ ಪ್ರತಿಷ್ಠಾನ ರೂಪಿಸಿದ್ದು. ಅದರ ಆಧಾರವೂ ಸಕ್ಕರೆ ಮತ್ತು ಹುಳಿಯ ಅನುಪಾತವೇ: ಸಕ್ಕರೆ ಹುಳಿಗಿಂತ ಕಡಿಮೆ ಇದ್ದರೆ ಡ್ರೈ, ಎರಡು ಪಟ್ಟಿನವರೆಗೆ ಅರೆ ಡ್ರೈ, ನಾಲ್ಕು ಪಟ್ಟಿನವರೆಗೆ ಅರೆ ಸಿಹಿ, ಅದಕ್ಕೂ ಮೇಲಿನದು ಸಿಹಿ. ಹುಳಿಯ ತೀವ್ರತೆ ಹೇಳುವ ಪಿಎಚ್ ಅಳತೆ ನೋಡಿ ಅದನ್ನು ಸ್ವಲ್ಪ ಆಚೀಚೆ ಮಾಡುತ್ತಾರೆ.

ನಂದಿತಪ್ಪಲು

ಸ್ಲೇಟ್‌ಬೆಟ್ಟ ಅವರ ಮಾತು ನಮ್ಮ ಕಡೆಗೂ ಅನ್ವಯಿಸುತ್ತದೆ ಎಂದು ಹೇಳಲು ಬರೆಯುತ್ತಿದ್ದೇನೆ. ಕರ್ನಾಟಕದಲ್ಲಿ ವೈನ್ ದ್ರಾಕ್ಷಿ ಮಾಗುವುದು ಚಳಿ ಕಳೆದು ಬಿಸಿಲೇರುವ ಹೊತ್ತಿಗೆ. ಬಿಸಿಗೆ ದ್ರಾಕ್ಷಿಗೆ ಹುಳಿ ಕೊಡುವ ಮ್ಯಾಲಿಕ್ ಆಮ್ಲ ಬೇಗ ಕರಗಿಹೋಗುತ್ತದೆ, ಸಕ್ಕರೆ ಬೇಗ ಏರುತ್ತದೆ. ನಂದಿ ಬೆಟ್ಟದ ಸುತ್ತಮುತ್ತ ಎತ್ತರದ ಕಾರಣ ರಾತ್ರಿ ತಂಪಾಗಿರುವುದು ಅನುಕೂಲ, ಆದರೂ ಅದು ಮೋಸೆಲ್ ಅಲ್ಲ. ಹುಳಿ ಕಡಿಮೆ ಇರುವಾಗ ಅಷ್ಟೇ ಗ್ರಾಂ ಸಕ್ಕರೆ ಹೆಚ್ಚು ಸಿಹಿ ಎನಿಸುತ್ತದೆ. ಬಿಸಿ ನಾಡುಗಳಲ್ಲಿ ಟಾರ್ಟಾರಿಕ್ ಆಮ್ಲ ಸೇರಿಸಿ ಸರಿದೂಗಿಸುವುದು ರೂಢಿಯಲ್ಲಿದೆ.

ನಮ್ಮಲ್ಲಿ ಅನೇಕರಿಗೆ ವೈನ್ ಎಂದರೆ ಸಿಹಿ ಎಂಬ ಭಾವನೆ ಬರಲು ಕಾರಣ ಅಂಗಡಿಯಲ್ಲಿ ‘ಪೋರ್ಟ್’ ಹೆಸರಿನಲ್ಲಿ ಸಿಗುವ ಅಗ್ಗದ ಕೆಂಪು ವೈನ್. ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ, ಕೋಲಾರದ ಕಡೆ ಬೆಳೆಯುವ ಬೆಂಗಳೂರು ಬ್ಲೂ ದ್ರಾಕ್ಷಿಯಿಂದ ಇಂತಹ ಸಿಹಿ ವೈನ್ ಮಾಡುತ್ತಾರೆ. ಆ ದ್ರಾಕ್ಷಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಇದೆ, ಅದರ ಘಮವೇ ಬೇರೆ. ಪೋರ್ಚುಗಲ್‌ನ ಡೌರೊ ಕಣಿವೆಯ ಪೋರ್ಟ್‌ನಲ್ಲಿ ಸಿಹಿ ಉಳಿಯುವ ರೀತಿಯೇ ಇನ್ನೊಂದು. ಅರ್ಧ ಹುದುಗಿದ ರಸಕ್ಕೆ ಶೇಕಡಾ 77ರ ದ್ರಾಕ್ಷಿ ಮದ್ಯಸಾರ ಸುರಿಯುತ್ತಾರೆ. ಯೀಸ್ಟ್ ಸತ್ತುಹೋಗಿ ಸಕ್ಕರೆ ಹಾಗೆಯೇ ನಿಲ್ಲುತ್ತದೆ. ಅದಕ್ಕೇ ಪೋರ್ಟ್‌ನಲ್ಲಿ ಆಲ್ಕೋಹಾಲ್ ಸುಮಾರು ಶೇಕಡಾ 20. ಆಲ್ಕೋಹಾಲ್ ಕಡಿಮೆ ಇದ್ದರೆ ಸಿಹಿ, ಹೆಚ್ಚಿದ್ದರೆ ಡ್ರೈ ಎಂಬ ಮೇಲಿನ ಸೂತ್ರ ಇಂತಹ ವೈನ್‌ಗಳಿಗೆ ನಡೆಯುವುದಿಲ್ಲ ಎಂಬುದನ್ನು ಸೇರಿಸಿಕೊಳ್ಳಿ.

ಸ್ಲೇಟ್‌ಬೆಟ್ಟ

ಸರಿಯಾದ ಮಾತು. ಅದು ಮದ್ಯಸಾರ ಬೆರೆಸದ ವೈನ್‌ಗೆ ಮಾತ್ರ.

ಕಾವೇರಿತಡಿ

ನಾವು ಮಡಿಕೇರಿ ಕಡೆಯವರು. ಮನೆಯಲ್ಲಿ ನೆಲ್ಲಿಕಾಯಿ, ಪ್ಯಾಶನ್ ಫ್ರೂಟ್, ದ್ರಾಕ್ಷಿ ಎಲ್ಲದರಿಂದಲೂ ವೈನ್ ಮಾಡುತ್ತೇವೆ. ಏನು ಮಾಡಿದರೂ ಕೊನೆಗೆ ಸಿಹಿಯೇ ಬರುತ್ತದೆ. ಇನ್ನಷ್ಟು ದಿನ ಇಟ್ಟರೆ ಡ್ರೈ ಆಗುತ್ತದೆಯೇ?

ಒಗರುಬಾಯಿ

ಕಾವೇರಿತಡಿ ಅವರೇ, ಹಣ್ಣಿಗೆ ಎಷ್ಟು ಸಕ್ಕರೆ ಹಾಕುತ್ತೀರಿ ಎಂಬುದರ ಮೇಲಿದೆ. ಸಕ್ಕರೆ ತೀರಾ ಹೆಚ್ಚಿದ್ದರೆ ಯೀಸ್ಟ್ ತಾನೇ ಹುಟ್ಟಿಸಿದ ಆಲ್ಕೋಹಾಲ್‌ನಲ್ಲಿ ಸೋತು ನಿಲ್ಲುತ್ತದೆ. ಬ್ರೆಡ್‌ಗೆ ಹಾಕುವ ಯೀಸ್ಟ್ ಆಗಿದ್ದರೆ ವೈನ್ ಯೀಸ್ಟ್‌ಗಿಂತ ಬೇಗ ಸೋಲುತ್ತದೆ. ಅಲ್ಲಿಂದ ಮುಂದೆ ವರ್ಷ ಇಟ್ಟರೂ ಸಿಹಿ ಕಡಿಮೆಯಾಗುವುದಿಲ್ಲ. ಮುಂದಿನ ಸಲ ಸಕ್ಕರೆಯನ್ನು ಗಣನೀಯವಾಗಿ ಇಳಿಸಿ, ವೈನ್ ಯೀಸ್ಟ್ ಬಳಸಿ ನೋಡಿ. ಒಂದು ಎಚ್ಚರಿಕೆ: ಸಕ್ಕರೆ ಉಳಿದಿರುವಾಗ ಯೀಸ್ಟ್ ಕೂಡ ಜೀವಂತವಾಗಿದ್ದರೆ ಬಾಟಲಿಯೊಳಗೇ ಮತ್ತೆ ಹುದುಗಿ ಅನಿಲ ತುಂಬಿ ಗಾಜು ಸಿಡಿಯಬಹುದು. ಗುಳ್ಳೆ ಏಳುವುದು ಪೂರ್ತಿ ನಿಂತ ಮೇಲೆಯೇ ಮುಚ್ಚಳ ಬಿಗಿಮಾಡಿ.

ನೇರನುಡಿ

ಇಷ್ಟೆಲ್ಲ ಓದಿದ ಮೇಲೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಸಿಹಿ ವೈನ್ ಹೊಸಬರಿಗೆ. ಸಕ್ಕರೆ ಎಂಬುದು ಕೆಟ್ಟ ವೈನ್‌ನ ದೋಷ ಮುಚ್ಚುವ ಉಪಾಯ. ಲೀಬ್‌ಫ್ರೌಮಿಲ್ಶ್ ಹೆಸರಿನಲ್ಲಿ ಜರ್ಮನಿಯೇ ಅಗ್ಗದ ಸಿಹಿ ವೈನ್ ಅನ್ನು ಜಗತ್ತಿಗೆಲ್ಲ ಮಾರಿ ರೀಸ್ಲಿಂಗ್‌ನ ಹೆಸರು ಕೆಡಿಸಿಕೊಂಡಿತು. 1985ರಲ್ಲಿ ಆಸ್ಟ್ರಿಯಾದಲ್ಲಿ ವೈನ್‌ಗೆ ಡೈಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕ ಬೆರೆಸಿ ಸಿಕ್ಕಿಬಿದ್ದದ್ದೂ ತೆಳು ವೈನ್ ಅನ್ನು ಸಿಹಿಯಾಗಿ, ದಪ್ಪಗೆ ತೋರಿಸಲು ಹೋಗಿ. ಇಂದು ಜರ್ಮನಿಯ ಒಳ್ಳೆಯ ತಯಾರಕರು ಡ್ರೈ ಕಡೆಗೆ ತಿರುಗಿರುವುದು ಸುಮ್ಮನೆ ಅಲ್ಲ. ಅವರ ಉನ್ನತ ‘ಗ್ರೋಸೆಸ್ ಗೆವೆಕ್ಸ್’ ದರ್ಜೆಯೇ ಡ್ರೈ.

ಸ್ಲೇಟ್‌ಬೆಟ್ಟ

ನೇರನುಡಿ ಅವರೇ, ನೀವು ಹೇಳಿದ ಘಟನೆಗಳು ನಡೆದದ್ದು ನಿಜ, ಅವುಗಳಿಂದ ನಮ್ಮ ಕಣಿವೆಗೆ ಆದ ಹಾನಿಯೂ ನಿಜ. ಆದರೆ ಅವುಗಳಿಂದ ನೀವು ತಲುಪಿದ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಅಗ್ಗದ ವೈನ್‌ಗೆ ಸಿಹಿ ಸೇರಿಸಿ ಮಾರಿದವರ ತಪ್ಪನ್ನು, ಸಿಹಿಯನ್ನು ದ್ರಾಕ್ಷಿಯಲ್ಲೇ ಕಾಪಾಡಿ ತಂದವರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಐಸ್‌ವೈನ್ ಹೇಗೆ ಮಾಡುತ್ತಾರೆ ನೋಡಿ. ದ್ರಾಕ್ಷಿಯನ್ನು ಚಳಿಗಾಲದವರೆಗೆ ಬಳ್ಳಿಯಲ್ಲೇ ಬಿಡಬೇಕು. ಹಕ್ಕಿ, ಕೊಳೆ, ಮಳೆ ಎಲ್ಲದರಿಂದ ಉಳಿದದ್ದನ್ನು ಮೈನಸ್ 7 ಡಿಗ್ರಿ ಅಥವಾ ಅದಕ್ಕೂ ಕಡಿಮೆ ಇರುವಾಗ, ಸಾಮಾನ್ಯವಾಗಿ ಬೆಳಗಾಗುವ ಮೊದಲೇ, ಕೊಯ್ದು ಹೆಪ್ಪುಗಟ್ಟಿರುವಾಗಲೇ ಹಿಂಡಬೇಕು. ನೀರು ಮಂಜುಗಡ್ಡೆಯಾಗಿ ಗಾಣದಲ್ಲೇ ಉಳಿಯುತ್ತದೆ, ಹೊರಬರುವುದು ಸಕ್ಕರೆ ಮತ್ತು ಹುಳಿ ಎರಡೂ ಸಾಂದ್ರವಾದ ಸ್ವಲ್ಪವೇ ರಸ. 2019ರ ಸುಗ್ಗಿಯಲ್ಲಿ ಜರ್ಮನಿಯ ಯಾವ ಪ್ರದೇಶದಲ್ಲೂ ಅಷ್ಟು ಚಳಿ ಬೀಳಲಿಲ್ಲ, ಇಡೀ ದೇಶದಲ್ಲಿ ಐಸ್‌ವೈನ್ ಕೈಗೆ ಸಿಗಲಿಲ್ಲ. ಕಾದವರ ಬೆಳೆ ಹಾಗೆಯೇ ಹೋಯಿತು. ದೋಷ ಮುಚ್ಚಬೇಕೆನ್ನುವವರು ಇಂತಹ ಕೆಲಸಕ್ಕೆ ಕೈಹಾಕುವುದಿಲ್ಲ.

ಟ್ರೋಕನ್‌ಬೇರೆನ್‌ಔಸ್‌ಲೇಸೆ ಎಂಬ ಬಹಳ ಸಿಹಿಯಾದ ವೈನ್ ಇನ್ನೂ ಕಷ್ಟ; ಇಲ್ಲಿ ಟ್ರೋಕನ್ ಎಂದರೆ ಒಣಗಿದ ಕಾಳು. ಬೋಟ್ರೈಟಿಸ್ ಎಂಬ ಶಿಲೀಂಧ್ರ ತಗುಲಿ ಬಳ್ಳಿಯಲ್ಲೇ ಒಣಗಿದ ಕಾಳುಗಳನ್ನು ಒಂದೊಂದಾಗಿ ಆರಿಸುತ್ತಾರೆ. ರಸ ಕನಿಷ್ಠ 150 ಓಕ್ಸ್‌ಲೆ ಇರಬೇಕು. ಫ್ರಾನ್ಸ್‌ನ ಸೊಟೆರ್ನ್‌ನಲ್ಲಿ ಸಿರೋನ್ ಹೊಳೆಯ ತಣ್ಣೀರು ಗರೋನ್ ನದಿಗೆ ಸೇರುವಲ್ಲಿ ಏಳುವ ಮಂಜಿನಿಂದ ಇದೇ ಶಿಲೀಂಧ್ರ ಹಬ್ಬುತ್ತದೆ, ಹಂಗರಿಯ ಟೊಕಾಯ್‌ನಲ್ಲೂ ಅದೇ. ಬೋರ್ಡೊದ 1855ರ ವರ್ಗೀಕರಣದಲ್ಲಿ ಎಲ್ಲರಿಗಿಂತ ಮೇಲೆ ಪ್ರತ್ಯೇಕ ಸ್ಥಾನ ಸಿಕ್ಕಿದ್ದು ಶಾಟೊ ಡಿಕೆಮ್‌ಗೆ, ಅದು ಇದೇ ಸೊಟೆರ್ನ್‌ನ ಸಿಹಿ ವೈನ್.

ಕಬಿನೆಟ್‌ನಂತಹ ಹಗುರ ವೈನ್‌ಗೂ ಇದೇ ಮಾತು. ಲೀಟರಿಗೆ 45 ಗ್ರಾಂ ಸಕ್ಕರೆ, 8 ಗ್ರಾಂ ಹುಳಿ, ಶೇಕಡಾ 8 ಆಲ್ಕೋಹಾಲ್. ಹುದುಗುವಿಕೆ ಒಂದು ದಿನ ಮೊದಲು ನಿಂತರೆ ಅದು ಜಿಡ್ಡು, ಒಂದೆರಡು ದಿನ ತಡವಾದರೆ ಬಡಕಲು. ಆ ಹೊತ್ತನ್ನು ನಾಲಿಗೆಯಿಂದ ಹಿಡಿಯಲು ವರ್ಷಗಳ ಅಭ್ಯಾಸ ಬೇಕು. ಡ್ರೈ ವೈನ್‌ನಲ್ಲೂ ಕಲೆ ಇದೆ, ನಾನು ಕುಡಿಯುವುದು ಹೆಚ್ಚಾಗಿ ಅದನ್ನೇ. ಆದರೆ ನಮ್ಮ ಮೋಸೆಲ್‌ನ ಕಲ್ಮೋಂಟ್‌ನಂತಹ, ಏಣಿಯಂತೆ ನಿಂತ ಸ್ಲೇಟ್ ಕಲ್ಲಿನ ಇಳಿಜಾರಿನಲ್ಲಿ ಬೆನ್ನ ಮೇಲೆ ಬುಟ್ಟಿ ಹೊತ್ತು ಕೊಯ್ದವರ ಸಿಹಿ ವೈನ್ ಅನ್ನು ‘ಹೊಸಬರಿಗೆ’ ಎಂದು ಒಂದು ಮಾತಿನಲ್ಲಿ ತಳ್ಳಿಹಾಕುವುದನ್ನು ಕೇಳಲು ನನಗೆ ನೋವಾಗುತ್ತದೆ.

ನೇರನುಡಿ

ಕೆಲಸದ ಬಗ್ಗೆ ನೀವು ಹೇಳಿದ್ದಕ್ಕೆ ಗೌರವವಿದೆ. ಆದರೂ ಊಟದ ಜೊತೆ ಸಿಹಿ ವೈನ್ ಹೊಂದುವುದಿಲ್ಲ ಎಂಬ ಮಾತಿಗೆ ನಾನು ಬದ್ಧ.

ಒಗ್ಗರಣೆ

ಊಟದ ವಿಷಯ ಬಂದದ್ದರಿಂದ ನಾನೂ ಸೇರುತ್ತೇನೆ. ನೇರನುಡಿ ಸರ್, ಯಾವ ಊಟ ಎಂಬುದನ್ನು ಮೊದಲು ಕೇಳಬೇಕಲ್ಲವೇ? ಬೆಣ್ಣೆಯಲ್ಲಿ ಬೇಯಿಸಿದ ಮೀನಿಗೆ ಡ್ರೈ ರೀಸ್ಲಿಂಗ್ ಸರಿ. ನಮ್ಮ ಅಡುಗೆಯಲ್ಲಿ ಖಾರ ಇದೆ. ಆಲ್ಕೋಹಾಲ್ ಖಾರದ ಉರಿಯನ್ನು ಹೆಚ್ಚಿಸುತ್ತದೆ, ಸಕ್ಕರೆ ತಗ್ಗಿಸುತ್ತದೆ. ಬ್ಯಾಡಗಿ, ಗುಂಟೂರು ಎರಡೂ ಬಿದ್ದ ಕೋಳಿ ಸಾರಿನ ಜೊತೆ ಶೇಕಡಾ 14ರ ಒಗರು ಕೆಂಪು ವೈನ್ ಕುಡಿದರೆ ಬಾಯಿ ಹೊತ್ತಿಕೊಳ್ಳುತ್ತದೆ. ಅದೇ ಸಾರಿಗೆ ಶೇಕಡಾ 8ರ ಕಬಿನೆಟ್ ಅಥವಾ ಒಂದು ಫೈನ್‌ಹೆರ್ಬ್ ತಣ್ಣಗೆ ಕೊಟ್ಟು ನೋಡಿ. ಕಾಚಂಪುಳಿ ಹಾಕಿದ ಪಂದಿ ಕರಿಗಂತೂ ಇದು ಹೇಳಿ ಮಾಡಿಸಿದ ಜೋಡಿ. ಹುಳಿಯ ಅಡುಗೆಗೆ ಹುಳಿ ಕಡಿಮೆ ಇರುವ ವೈನ್ ಕೊಟ್ಟರೆ ವೈನ್ ಸಪ್ಪೆಯಾಗುತ್ತದೆ, ರೀಸ್ಲಿಂಗ್‌ಗೆ ಆ ಭಯವಿಲ್ಲ.

ಹೊತ್ತು ಹೋದಂತೆ ಲೋಟದಲ್ಲಿ ರುಚಿ ಬದಲಾಗುವುದನ್ನೂ ಗಮನಿಸಿ. ಫ್ರಿಜ್‌ನಿಂದ ಆಗಷ್ಟೇ ತೆಗೆದ ವೈನ್‌ನಲ್ಲಿ ಸಿಹಿ ಹಿಂದೆ ಸರಿದಿರುತ್ತದೆ. ಬೆಚ್ಚಗಾದಂತೆ ಮುಂದೆ ಬರುತ್ತದೆ. ಸಿಹಿ ಹೆಚ್ಚಾಯಿತು ಎನಿಸಿದರೆ ಬಾಟಲಿಯನ್ನು ಮತ್ತೆ ತಣ್ಣಗೆ ಮಾಡುವುದೇ ಮೊದಲ ಪರಿಹಾರ.

ಮಿತಾಹಾರಿ

ನನಗೆ ಸಕ್ಕರೆ ಕಾಯಿಲೆ ಇದೆ. ವೈದ್ಯರು ಅಪರೂಪಕ್ಕೆ ಒಂದು ಲೋಟ, ಅದೂ ಊಟದ ಜೊತೆ ಎಂದಿದ್ದಾರೆ. ಬಾಟಲಿ ನೋಡಿ ಸಕ್ಕರೆಯ ಗ್ರಾಂ ಲೆಕ್ಕ ತಿಳಿಯುವ ದಾರಿ ಇದೆಯೇ?

ಸ್ಲೇಟ್‌ಬೆಟ್ಟ

ಯುರೋಪಿನ ವೈನ್ ಆದರೆ ಈಗ ಸುಲಭ. 2023ರ ಡಿಸೆಂಬರ್ 8ರ ನಂತರ ತಯಾರಾದ ವೈನ್‌ಗೆ ಪೌಷ್ಟಿಕಾಂಶದ ವಿವರ ಕೊಡಲೇಬೇಕೆಂಬ ನಿಯಮ ಬಂದಿದೆ. ಹೆಚ್ಚಿನವರು ಅದನ್ನು ಹಿಂಬದಿಯ ಕ್ಯೂಆರ್ ಸಂಕೇತದಲ್ಲಿ ಇಡುತ್ತಾರೆ. ಮೊಬೈಲ್ ಹಿಡಿದರೆ 100 ಮಿಲಿಲೀಟರಿಗೆ ಎಷ್ಟು ಗ್ರಾಂ ಸಕ್ಕರೆ ಎಂದು ಬರುತ್ತದೆ, ಹತ್ತರಿಂದ ಗುಣಿಸಿದರೆ ಲೀಟರಿನ ಲೆಕ್ಕ. 150 ಮಿಲಿಲೀಟರ್ ಲೋಟದಲ್ಲಿ 4 ಗ್ರಾಂ ದರ್ಜೆಯ ಡ್ರೈ ವೈನ್ ಇದ್ದರೆ ಸಕ್ಕರೆ 0.6 ಗ್ರಾಂ, 45 ಗ್ರಾಂ ಇರುವ ಕಬಿನೆಟ್ ಆದರೆ ಸುಮಾರು 7 ಗ್ರಾಂ. ಜರ್ಮನ್ ತಯಾರಕರ ಜಾಲತಾಣಗಳಲ್ಲಿ ‘ರೆಸ್ಟ್‌ಝುಕರ್’ ಎಂದರೆ ಉಳಿದ ಸಕ್ಕರೆ, ‘ಸೋಯ್ರೆ’ ಎಂದರೆ ಹುಳಿ. ಫ್ರಾನ್ಸ್‌ನ ಅಲ್ಸಾಸ್‌ನಲ್ಲೂ ರೀಸ್ಲಿಂಗ್ ಡ್ರೈ ಇದೆಯೋ ಸಿಹಿ ಇದೆಯೋ ಎಂದು ಊಹಿಸಬೇಕಾದ ಸ್ಥಿತಿ ಇತ್ತು. 2021ರ ಸುಗ್ಗಿಯಿಂದ ಲೇಬಲ್‌ನಲ್ಲಿ ಹೇಳುವುದು ಅಲ್ಲಿ ಕಡ್ಡಾಯವಾಗಿದೆ.

ಆದರೆ ಸಕ್ಕರೆ ಇಲ್ಲದ ವೈನ್‌ನ ಆಲ್ಕೋಹಾಲ್ ಕೂಡ ರಕ್ತದ ಸಕ್ಕರೆಯನ್ನು ಏರುಪೇರು ಮಾಡಬಲ್ಲದು, ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ವಿಶೇಷವಾಗಿ. ಗ್ರಾಂ ಲೆಕ್ಕವನ್ನು ನಿಮ್ಮ ವೈದ್ಯರ ಮುಂದಿಟ್ಟು ಕೇಳಿ, ಈ ವೇದಿಕೆಯ ಮಾತನ್ನೇ ನಂಬಬೇಡಿ.

ಮೈನ್‌ತೀರ

ಕೊನೆಯದಾಗಿ ಒಂದು. ನಾಳೆ ಮಗಳ ಹುಟ್ಟುಹಬ್ಬ, ದೊಡ್ಡವರಿಗೆಂದು ಗುಳ್ಳೆಯ ವೈನ್ ಸೆಕ್ಟ್ ತರಬೇಕು. ಅದರಲ್ಲೂ ‘ಟ್ರೋಕನ್’ ಎಂದೇ ಇದೆ. ಅದನ್ನೇ ತರಲೇ?

ಸ್ಲೇಟ್‌ಬೆಟ್ಟ

ನಿಲ್ಲಿ! ಸೆಕ್ಟ್ ಬಾಟಲಿಯ ಟ್ರೋಕನ್ ಎಂದರೆ ಲೀಟರಿಗೆ 17ರಿಂದ 32 ಗ್ರಾಂ ಸಕ್ಕರೆ. ಗುಳ್ಳೆ ಇರುವ ವೈನ್‌ಗೆ ಪಟ್ಟಿಯೇ ಬೇರೆ: 3 ಗ್ರಾಂ ಒಳಗೆ ‘ಬ್ರೂಟ್ ನೇಚರ್’, 6ರವರೆಗೆ ‘ಎಕ್ಸ್‌ಟ್ರಾ ಬ್ರೂಟ್’, 12ರೊಳಗೆ ‘ಬ್ರೂಟ್’, 12ರಿಂದ 17 ‘ಎಕ್ಸ್‌ಟ್ರಾ ಡ್ರೈ’, ಆಮೇಲೆ ಈ ಟ್ರೋಕನ್, 32ರಿಂದ 50 ‘ಡೆಮಿ ಸೆಕ್’, ಅದರ ಮೇಲೆ ‘ಡೂ’. ಎಕ್ಸ್‌ಟ್ರಾ ಡ್ರೈ ಎಂಬುದು ಬ್ರೂಟ್‌ಗಿಂತ ಸಿಹಿ ಎಂಬುದು ಎಲ್ಲರನ್ನೂ ಗೊಂದಲಗೊಳಿಸುತ್ತದೆ. 19ನೆಯ ಶತಮಾನದ ಶಾಂಪೇನ್ ಬಹಳ ಸಿಹಿಯಾಗಿರುತ್ತಿತ್ತು, ಅದರೆದುರು 20 ಗ್ರಾಂ ಕೂಡ ಡ್ರೈ ಎನಿಸುತ್ತಿತ್ತು. ಇಂಗ್ಲೆಂಡಿನವರು ಇನ್ನೂ ಕಡಿಮೆ ಸಿಹಿ ಕೇಳತೊಡಗಿದ ಮೇಲೆ ಬ್ರೂಟ್ ಬಂತು. ಹಳೆಯ ಹೆಸರುಗಳು ಹಾಗೆಯೇ ಉಳಿದವು.

ಒಗ್ಗರಣೆ

ಬರೀ ಕುರುಕಲು ತಿಂಡಿಯ ಜೊತೆಗಾದರೆ ಬ್ರೂಟ್ ತನ್ನಿ. ಕೇಕ್ ಅಥವಾ ಹೋಳಿಗೆ ಕೊಡುತ್ತೀರಾದರೆ ಬ್ರೂಟ್ ಬೇಡ, ಸಿಹಿ ತಿಂದ ಬಾಯಿಗೆ ಅದು ಬರೀ ಹುಳಿ. ಡೆಮಿ ಸೆಕ್ ಅಥವಾ ಇಟಲಿಯ ಮೊಸ್ಕಾಟೊ ಡಿ ಆಸ್ತಿ ತನ್ನಿ. ಮೊಸ್ಕಾಟೊದಲ್ಲಿ ಆಲ್ಕೋಹಾಲ್ ಶೇಕಡಾ 5ರ ಆಸುಪಾಸು, ಸಿಹಿ ಚೆನ್ನಾಗಿರುತ್ತದೆ. ವೈನ್ ತಿಂಡಿಗಿಂತ ಒಂದು ಹಿಡಿ ಹೆಚ್ಚು ಸಿಹಿ ಇರಬೇಕು, ಕಡಿಮೆ ಇರಬಾರದು.

ಮೈನ್‌ತೀರ

ಹೋಳಿಗೆಯೇ ಮಾಡುವುದು. ಅಂಗಡಿ ಎಂಟಕ್ಕೆ ಮುಚ್ಚುತ್ತದೆ, ಮೊಸ್ಕಾಟೊ ಹುಡುಕಿಕೊಂಡು ಈಗಲೇ ಹೊರಡುತ್ತೇನೆ. ಶೇಕಡಾ 8ರ ಆ ಶ್ಪೇಟ್‌ಲೇಸೆ ಅರ್ಧ ಉಳಿದಿದೆ, ಅದನ್ನು ಇವತ್ತು ರಾತ್ರಿ ಕೋಳಿ ಸಾರಿನ ಜೊತೆ ತಣ್ಣಗೆ ಮಾಡಿ ಕುಡಿದು ಹೇಗಿತ್ತೆಂದು ಇಲ್ಲೇ ಬರೆಯುತ್ತೇನೆ.